ಒಡೆಯರಿಲ್ಲದ ಕುಲುಮೆ

ಮಾಂತ್ರಿಕ ಲೋಕಗಳಲ್ಲಿ ನಡೆಯುವ ವಿಡಿಯೊ ಗೇಮ್‌ಗಳಲ್ಲಿ ಪಾಳುಬಿದ್ದ ನೆಲಮಾಳಿಗೆಗಳಿಗೆ ಬರವಿಲ್ಲ. ಗೋರಿ, ಸೆರೆಮನೆ, ಕಳ್ಳರ ಗುಹೆ, ಬಲಿಪೀಠ ಎಲ್ಲವೂ ನೆಲದಡಿಯಲ್ಲೇ ಇರುತ್ತವೆ. ಇವುಗಳ ಪೈಕಿ ನಾನು ಇವತ್ತು ಆರಿಸಿಕೊಂಡಿರುವುದು ಒಂದು ಕಾರ್ಖಾನೆಯನ್ನು. ಗೋರಿಯನ್ನು ನಂಬಿಸುವುದು ಸುಲಭ. ಒಂದು ಕಲ್ಲಿನ ಪೆಟ್ಟಿಗೆ, ಒಂದಿಷ್ಟು ಮೂಳೆ, ಮಿಣುಕುವ ದೀಪ ಇಟ್ಟರೆ ಆಟಗಾರ ಒಪ್ಪಿಕೊಂಡು ಮುಂದೆ ಹೋಗುತ್ತಾನೆ. ಕಾರ್ಖಾನೆಯನ್ನು ಕಂಡರೆ ಮಾತ್ರ ಮನಸ್ಸು ತಾನಾಗಿ ಲೆಕ್ಕ ಕೇಳಲು ಶುರುಮಾಡುತ್ತದೆ. ಅದಿರು ಎಲ್ಲಿಂದ ಬರುತ್ತಿತ್ತು? ಬೆಂಕಿಗೆ ಆಧಾರವೇನು? ಬೀಗದ ಕೈ ಯಾರ ಬಳಿ ಇತ್ತು? ದುಡಿದವರು ಯಾರು? ನಾನು ಹೇಳಲಿರುವ ಕುಲುಮೆ ಮೊದಲ ಮೂರು ಪ್ರಶ್ನೆಗಳಿಗೆ ಸೊಗಸಾಗಿ ಉತ್ತರ ಕೊಡುತ್ತದೆ. ನಾಲ್ಕನೆಯದು ಬಂದಾಗ ಮುಖ ತಿರುಗಿಸಿಕೊಳ್ಳುತ್ತದೆ. ಆ ನಾಲ್ಕನೆಯ ಪ್ರಶ್ನೆಗಾಗಿಯೇ ನಾನು ಇಲ್ಲಿ ಬಂದು ನಿಂತಿದ್ದೇನೆ.

ಆಟದ ಹೆಸರು ಸ್ಕೈರಿಮ್. ಬೆಥೆಸ್ಡಾ ಸಂಸ್ಥೆಯ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಐದನೆಯ ಆಟ. 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ಮರುವರ್ಷ ಡಾನ್‌ಗಾರ್ಡ್ ಎಂಬ ವಿಸ್ತರಣೆ ಬಂತು. ಅದರ ಮುಖ್ಯ ಕಥೆ ರಕ್ತ ಕುಡಿಯುವ ವ್ಯಾಂಪೈರ್‌ಗಳದ್ದು, ಅದನ್ನು ಇಲ್ಲಿ ಬಿಟ್ಟುಬಿಡೋಣ. ಅದೇ ವಿಸ್ತರಣೆಯ ಒಂದು ಬದಿಯಲ್ಲಿ, ಮುಖ್ಯ ಕಥೆಗೆ ಯಾವ ಸಂಬಂಧವೂ ಇಲ್ಲದೆ, ಈಥೀರಿಯಮ್ ಕುಲುಮೆ ಎಂಬ ಜಾಗವಿದೆ. ಅಲ್ಲಿಗೆ ಹೋಗದೆಯೇ ನೂರಾರು ಗಂಟೆ ಆಡಿ ಮುಗಿಸಬಹುದು. ಮಾತು ಶುರುಮಾಡುವ ಮುನ್ನ ಈ ಸಭೆಯಲ್ಲಿ ನಾನು ಕೈ ಎತ್ತಿ ಎಂದಾಗ ಸ್ಕೈರಿಮ್ ಆಡಿದವರು ಇಷ್ಟೊಂದು ಜನರಿದ್ದೂ, ಕುಲುಮೆ ನೋಡಿದವರು ಬೆರಳೆಣಿಕೆಯಷ್ಟೇ ಕಂಡದ್ದಕ್ಕೆ ಅದೇ ಕಾರಣ.

ಆಡದವರಿಗಾಗಿ ಸ್ವಲ್ಪ ಹಿನ್ನೆಲೆ. ಈ ಲೋಕದಲ್ಲಿ ಡ್ವೆಮರ್ ಎಂಬ ಜನಾಂಗವಿತ್ತು. ನೆಲದಡಿಯಲ್ಲಿ ಊರು ಕಟ್ಟಿದವರು, ಹಬೆಯಿಂದ ಯಂತ್ರ ಓಡಿಸಿದವರು, ಉಳಿದ ಜನಾಂಗಗಳು ದೇವರೆಂದು ಕೈಮುಗಿದ ಶಕ್ತಿಗಳನ್ನು ಪ್ರಯೋಗಕ್ಕೆ ಒಡ್ಡಬಹುದಾದ ವಸ್ತುಗಳೆಂದು ನೋಡಿದವರು. ಒಂದು ದಿನ, ಕೆಂಪು ಬೆಟ್ಟದ ಯುದ್ಧದ ನಡುವೆ, ಇಡೀ ಜನಾಂಗ ಒಂದೇ ಗಳಿಗೆಯಲ್ಲಿ ಮಾಯವಾಯಿತು. ಹೆಣ ಬೀಳಲಿಲ್ಲ, ಯಾರೂ ವಲಸೆ ಹೋಗಲಿಲ್ಲ. ಅವರ ಮುಖ್ಯ ಶಿಲ್ಪಿ ಕಾಗ್ರೆನಾಕ್ ಒಬ್ಬ ಸತ್ತ ದೇವರ ಹೃದಯದ ಮೇಲೆ ನಡೆಸಿದ ಕೆಲಸವೇ ಕಾರಣವೆಂದು ಆಟದೊಳಗಿನ ಪಂಡಿತರು ವಾದಿಸುತ್ತಾರೆ, ಒಮ್ಮತವಿಲ್ಲ. ಆಟ ಕಟ್ಟುವವರ ಕಡೆಯಿಂದ ನೋಡಿದರೆ ಇದು ಬಹಳ ಜಾಣ ಉಪಾಯ. ಊರು ಖಾಲಿಯಾಗಿದೆ, ಆದರೆ ಯಾರೂ ಕೊಳ್ಳೆ ಹೊಡೆದು ಸುಟ್ಟಿಲ್ಲ. ಯಂತ್ರಗಳು ಹಾಗೇ ಇವೆ, ಬಹಳಷ್ಟು ಇನ್ನೂ ಓಡುತ್ತಿವೆ.

ಈಗ ಕುಲುಮೆಯ ಕಥೆ. ಆಟದೊಳಗೆ ‘ಈಥೀರಿಯಮ್ ಯುದ್ಧಗಳು’ ಎಂಬ ತೆಳ್ಳಗಿನ ಪುಸ್ತಕವಿದೆ. ಅದರ ಪ್ರಕಾರ ಡ್ವೆಮರ್‌ಗಳಿಗೆ ನೆಲದಾಳದಲ್ಲಿ ಒಂದು ನೀಲಿ ಹರಳು ಸಿಕ್ಕಿತು. ತಾನಾಗಿ ಹೊಳೆಯುವ, ಸಿಗುವುದೇ ಅಪರೂಪವಾದ, ಸಾಮಾನ್ಯ ಬೆಂಕಿಗೆ ಬಗ್ಗದ ವಸ್ತು. ಅದನ್ನು ತೆಗೆಯಲು, ಅಧ್ಯಯನ ಮಾಡಲು ನಾಲ್ಕು ನಗರಗಳು ಒಕ್ಕೂಟ ಕಟ್ಟಿಕೊಂಡವು, ಮುಂದಾಳು ಆರ್ಕಂಗ್‌ಥಾಮ್ಜ್. (ಈ ಹೆಸರುಗಳನ್ನು ಉಚ್ಚರಿಸುವಾಗ ನಾನು ತಡವರಿಸಿದರೆ ಕ್ಷಮಿಸಿ, ರಾಲ್ಡ್‌ಬ್ತಾರ್, ಮಜುಲ್ಫ್ಟ್ ಇನ್ನೂ ಬರಲಿವೆ.) ಹರಳನ್ನು ಕರಗಿಸಿ ಎರಕ ಹೊಯ್ಯಲೆಂದೇ ಒಂದು ವಿಶೇಷ ಕುಲುಮೆ ಕಟ್ಟಿದರು. ಅಲ್ಲಿ ತಯಾರಾದ ವಸ್ತುವಿಗೆ ಆಮೇಲೆ ಮಂತ್ರ ತುಂಬಬೇಕಾಗಿರಲಿಲ್ಲ, ಹುಟ್ಟುವಾಗಲೇ ಶಕ್ತಿ ತುಂಬಿಕೊಂಡೇ ಹುಟ್ಟುತ್ತಿತ್ತು. ಕುಲುಮೆ ಸಿದ್ಧವಾಯಿತೋ ಇಲ್ಲವೋ ಒಕ್ಕೂಟ ಮುರಿಯಿತು. ನಾಲ್ಕೂ ನಗರಗಳು ಅದಕ್ಕಾಗಿ ಬಡಿದಾಡಿಕೊಂಡವು, ಯಾರೂ ಗೆಲ್ಲಲಿಲ್ಲ, ಎಲ್ಲರೂ ಸೊರಗಿದರು. ಆ ಹೊತ್ತಿಗೆ ಮೇಲಿನಿಂದ ನಾರ್ಡ್ ಎಂಬ ಮನುಷ್ಯ ಜನಾಂಗದ ರಾಜ ಗೆಲ್ಲಿರ್ ದಂಡೆತ್ತಿ ಬಂದಾಗ ತಡೆಯುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ.

ನನಗೆ ಇಲ್ಲಿ ಬಹಳ ಹಿಡಿಸುವುದು ಕೀಲಿಕೈಯ ವಿಚಾರ. ಕುಲುಮೆಯ ಬಾಗಿಲು ತೆರೆಯುವ ಲಾಂಛನ ನಾಲ್ಕು ಚೂರಾಗಿ ನಾಲ್ಕು ಕಡೆ ಇದೆ. ಒಂದು ಆರ್ಕಂಗ್‌ಥಾಮ್ಜ್‌ನಲ್ಲಿ, ಒಂದು ಮಜುಲ್ಫ್ಟ್‌ನ ಉಗ್ರಾಣದಲ್ಲಿ, ಒಂದು ರಾಲ್ಡ್‌ಬ್ತಾರ್‌ನ ಆಳದ ಮಾರುಕಟ್ಟೆಯಲ್ಲಿ, ಇನ್ನೊಂದು ಬಯಲಿನಲ್ಲಿರುವ ಹಳೆಯ ಕಲ್ಲಿನ ಸೇತುವೆಯ ಬಳಿ. ಆಟಗಾರನ ಮಟ್ಟಿಗೆ ಇದು ಹಳೆಯ ವರಸೆ: ನಾಲ್ಕು ಚೂರು ಹುಡುಕು, ಜೋಡಿಸು, ಬಾಗಿಲು ತೆಗೆ. ಇಂಥ ಕೆಲಸವನ್ನು ಎಷ್ಟು ಆಟಗಳಲ್ಲಿ ಮಾಡಿದ್ದೇವೋ! ಆದರೆ ಇಲ್ಲಿ ಆ ಸವಕಲು ವರಸೆಯೊಳಗೆ ರಾಜಕೀಯದ ಕಾರಣ ಕೂತಿದೆ. ಒಬ್ಬರನ್ನೊಬ್ಬರು ನಂಬದ ನಾಲ್ವರು ಪಾಲುದಾರರು ಒಂದು ಅಪಾಯಕಾರಿ ಕಾರ್ಖಾನೆಯನ್ನು ಹೇಗೆ ಇಟ್ಟುಕೊಳ್ಳುತ್ತಾರೆ? ಉಳಿದ ಮೂವರಿಲ್ಲದೆ ಯಾರೂ ಒಳಗೆ ಕಾಲಿಡದಂತೆ ಬೀಗ ಮಾಡಿಸುತ್ತಾರೆ. ಆಯುಧದ ಚರಿತ್ರೆ ಓದಿದವರಿಗೆ ಇದು ಹೊಸದಲ್ಲ. ಅಣ್ವಸ್ತ್ರಗಳನ್ನು ಒಬ್ಬನೇ ಉಡಾಯಿಸಲಾಗದಂತೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ಹುಟ್ಟಿದ್ದೂ ಇಂಥ ಅಪನಂಬಿಕೆಯಿಂದಲೇ. ಬರೆದವರಿಗೆ ಇದು ಹೊಳೆದಿತ್ತೋ, ನಾಲ್ಕು ಗುಹೆ ಸುತ್ತಿಸಬೇಕಾಗಿತ್ತೆಂದು ಹಾಗಾಯಿತೋ, ಪರಿಣಾಮ ಮಾತ್ರ ಒಂದೇ: ಚೂರುಗಳನ್ನು ಕೂಡಿಸುತ್ತಾ ಹೋದಂತೆ ಆ ಜಗಳದ ನಕ್ಷೆ ನಮ್ಮ ಕಾಲಿಗೆ ಸಿಗುತ್ತದೆ.

ಬನ್ನಿ, ಕೆಳಗಿಳಿಯೋಣ. ಕುಲುಮೆ ಇರುವುದು ಬ್ತಾಲ್ಫ್ಟ್ ಎಂಬ ಪಾಳಿನಲ್ಲಿ. ಮೇಲಿನಿಂದ ನೋಡಿದರೆ ಮುರಿದ ಕಲ್ಲುಗಳು, ನಡುವೆ ಒಂದು ಹಿತ್ತಾಳೆ ಬಣ್ಣದ ಯಂತ್ರ. ಕೂಡಿಸಿದ ಲಾಂಛನವನ್ನು ಅದರೊಳಗೆ ಇಟ್ಟರೆ ನೆಲ ನಡುಗಿ ಒಂದು ಗೋಪುರವೇ ಮೇಲೆದ್ದು ಬರುತ್ತದೆ. ಅದರೊಳಗೆ ಲಿಫ್ಟ್. ಕೆಳಗೆ ಇಳಿದರೆ ಮುಚ್ಚಿದ ದ್ವಾರ. ಅದಕ್ಕೆ ಹಿಡಿಕೆಯಿಲ್ಲ, ಬೀಗದ ತೂತೂ ಇಲ್ಲ. ಅನುರಣನ ಮಾಡುವ ಲೋಹದ ಕಂಬಗಳಿವೆ. ಬಾಣ ಬಿಟ್ಟು ಅವುಗಳಿಗೆ ತಾಗಿಸಿದರೆ ನಾದ ಹೊಮ್ಮಿ ದ್ವಾರ ತೆರೆದುಕೊಳ್ಳುತ್ತದೆ. ಡ್ವೆಮರ್‌ಗಳ ವಿದ್ಯೆಯ ಬುಡದಲ್ಲಿ ನಾದವಿದೆ ಎಂಬುದು ಸರಣಿಯ ಹಳೆಯ ಕಲ್ಪನೆ. ಆರ್ಕಂಗ್‌ಥಾಮ್ಜ್‌ನಲ್ಲಿಯೂ ಇಂಥದೇ ಬೀಗ, ಅಲ್ಲಿ ಐದು ಕಂಬ. ಸರಿಯಾದ ಕ್ರಮದಲ್ಲಿ ನುಡಿಸಬೇಕು. ಕ್ರಮ ತಪ್ಪಿದರೆ ಕಾವಲು ಯಂತ್ರಗಳು ಹೊರಬೀಳುತ್ತವೆ.

ದ್ವಾರದ ಆಚೆ ಬಿಸಿ ಹಬೆ ಅಡ್ಡ ನಿಲ್ಲುತ್ತದೆ. ಈ ಭಾಗವನ್ನು ಆಡುವವರು ನಿಧಾನವಾಗಿ ನೋಡಿ ಎಂದು ನನ್ನ ವಿನಂತಿ. ಕೊಳವೆಗಳಿಂದ ಹಬೆ ನುಗ್ಗುತ್ತಿದೆ, ಹಾದುಹೋಗಲು ಬಿಡುವುದಿಲ್ಲ. ಪಕ್ಕದಲ್ಲಿ ತಿರುಗಿಸುವ ಎರಡು ಚಕ್ರ, ಅಂದರೆ ವಾಲ್ವ್‌ಗಳಿವೆ. ಎರಡನ್ನೂ ತಿರುಗಿಸಿದರೆ ಹಬೆ ನಿಲ್ಲುತ್ತದೆ. ಇಡೀ ಆಟದಲ್ಲಿ ಕತ್ತಿ ಬೀಸುತ್ತಾ, ಮಂತ್ರ ಎಸೆಯುತ್ತಾ ಬಂದ ವೀರ ಇಲ್ಲಿ ಐದು ನಿಮಿಷದ ಮಟ್ಟಿಗೆ ಪಾಳಿಯ ಕೆಲಸಗಾರನಾಗುತ್ತಾನೆ. ಕೆಲಸಕ್ಕೆ ಬಂದವನು ಮೊದಲು ಏನು ಮಾಡುತ್ತಾನೋ ಅದನ್ನೇ ಮಾಡುತ್ತಾನೆ: ಒತ್ತಡ ಇಳಿಸಿ, ದಾರಿ ಮಾಡಿಕೊಂಡು, ಒಲೆಯ ಬಳಿಗೆ ಹೋಗುತ್ತಾನೆ. ಅಡ್ಡಿಯನ್ನು ಅಡ್ಡಿಗಾಗಿ ಇಟ್ಟಿಲ್ಲ. ಕುಲುಮೆ ಓಡಬೇಕಾದರೆ ಅಲ್ಲಿ ಹಬೆ ಇರಲೇಬೇಕಿತ್ತು. ಒಳ್ಳೆಯ ಲೆವೆಲ್ ವಿನ್ಯಾಸ, ಅಂದರೆ ಆಟದ ಜಾಗಗಳನ್ನು ರೂಪಿಸುವ ಕೆಲಸ, ಎಂದರೆ ನನಗೆ ಇದು.

ಶಕ್ತಿಯ ಮೂಲ? ಕುಲುಮೆಯ ಸುತ್ತ ಕುದಿಯುವ ಲಾವಾ ಇದೆ. ಬೆಂಕಿ ಭೂಮಿಯದೇ, ಹಾಗಾಗಿ ಯಜಮಾನರು ಮಾಯವಾದರೂ ಆರುವುದಿಲ್ಲ. ಸ್ವಲ್ಪ ದಾರಿ ತಪ್ಪಿ ಒಂದು ಮಾತು ಹೇಳುತ್ತೇನೆ, ಏಕೆಂದರೆ ಇಲ್ಲಿ ಕುಳಿತಿರುವ ಕೆಲವರ ಮನೆಗಳಿಗೆ ಇದು ಹತ್ತಿರದ ವಿಷಯ. ಕೆಜಿಎಫ್ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಆ ಆಳದಲ್ಲಿ ಮನುಷ್ಯ ಕೆಲಸ ಮಾಡಬೇಕಾದರೆ ಮೇಲಿನಿಂದ ತಂಪು ಗಾಳಿ ಹೋಗುತ್ತಲೇ ಇರಬೇಕು, ನೀರು ಹೊರಬರುತ್ತಲೇ ಇರಬೇಕು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ ತಂತಿ ಎಳೆದದ್ದು ಮೊದಲಿಗೆ ಆ ಗಣಿಗಳಿಗಾಗಿಯೇ, ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಅದಾದ ಮೇಲೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿಕೊಂಡಿತು. ನಿಜವಾದ ಭೂಗತ ಕಾರ್ಖಾನೆಯನ್ನು ಬಿಟ್ಟು ಹೋದರೆ ಆಗುವುದು ಅದು. ಅದು ನಮಗಾಗಿ ಕಾಯುವುದಿಲ್ಲ. ಸ್ಕೈರಿಮ್‌ನ ಡ್ವೆಮರ್ ಊರುಗಳಲ್ಲಿಯೂ ಕುಸಿತವಿದೆ, ಜಲಪಾತವಿದೆ, ಆದರೆ ಯಂತ್ರ ಮಾತ್ರ ಸಾವಿರಾರು ವರ್ಷ ಎಣ್ಣೆ ಕಾಣದೆ ಓಡುತ್ತದೆ. ಇದನ್ನು ತಪ್ಪೆಂದು ಎಣಿಸುವುದು ಸರಿಯಲ್ಲ. ಈ ಲೋಕದ ಕನಸೇ ಅದು. ಮನುಷ್ಯರು ಬೇಡದ ಕಾರ್ಖಾನೆ, ಕೊನೆಯಿಲ್ಲದೆ ಓಡುವ ಕಾರ್ಖಾನೆ. ಯಜಮಾನರ ಕನಸು ಎಂದರೂ ಸರಿ.

ಈ ಕನಸನ್ನು ಕಟ್ಟಿದ ಬಗೆಯನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸ್ಕೈರಿಮ್ ತಂಡದ ಜೋಯೆಲ್ ಬರ್ಜೆಸ್ ಮತ್ತು ನೇಥನ್ ಪರ್ಕಿಪೈಲ್ ತಮ್ಮ ಕೆಲಸದ ವಿಧಾನ ವಿವರಿಸಿದರು. ಆಟದಲ್ಲಿ ನೂರಾರು ಡಂಜನ್‌ಗಳಿವೆ, ಅಂದರೆ ಇಂಥ ನೆಲಮಾಳಿಗೆಗಳು, ಗುಹೆಗಳು. ಅವನ್ನೆಲ್ಲ ಕಟ್ಟಿದವರು ಎಂಟು ಮಂದಿ ಲೆವೆಲ್ ಡಿಸೈನರ್‌ಗಳು ಮತ್ತು ಇಬ್ಬರು ಕಲಾವಿದರು. ಹೇಗೆ ಸಾಧ್ಯವಾಯಿತು? ಏಳು ‘ಕಿಟ್’ಗಳಿಂದ. ಗೋಡೆಯ ತುಂಡು, ಮೂಲೆ, ಕಮಾನು, ಮೆಟ್ಟಿಲು, ಕೊಳವೆ ಇವನ್ನು ಒಂದೇ ಅಳತೆಯ ಲೆಕ್ಕದಲ್ಲಿ ಮಾಡಿಟ್ಟುಕೊಂಡು ಬೇರೆ ಬೇರೆ ರೀತಿ ಜೋಡಿಸುತ್ತಾ ಹೋಗುವುದು. ಅದರ ಅಪಾಯವನ್ನೂ ಅವರೇ ಹೇಳಿದರು: ಅದೇ ಕಮಾನನ್ನು ಹತ್ತನೆಯ ಬಾರಿ ಕಂಡಾಗ ಆಟಗಾರನ ಕಣ್ಣು ದಣಿಯುತ್ತದೆ.

ಈ ದಣಿವು ಗುಹೆಯಲ್ಲಿ ಬೇಗ ಬರುತ್ತದೆ, ಪ್ರಕೃತಿ ಒಂದೇ ಬಂಡೆಯನ್ನು ಎರಡು ಸಲ ಮಾಡುವುದಿಲ್ಲವಲ್ಲ. ಡ್ವೆಮರ್ ಊರಿನಲ್ಲಿ ಅದು ಬರುವುದು ತಡವಾಗಿ. ಒಂದೇ ಬಾಗಿಲು, ಒಂದೇ ದೀಪ, ಒಂದೇ ಹಲ್ಲಿನ ಚಕ್ರ ನೂರು ಕಡೆ ಕಂಡರೂ ಅದು ಡ್ವೆಮರ್‌ಗಳ ಸ್ವಭಾವವೆಂದೇ ನಮ್ಮ ಮನಸ್ಸು ಒಪ್ಪುತ್ತದೆ. ಅವರು ಅಚ್ಚು ಹಾಕಿ ಎರಕ ಹೊಯ್ದು ಊರು ಕಟ್ಟಿದವರು. ಆಟ ಕಟ್ಟಿದವರು ಮಾಡಿದ್ದೂ ಅದನ್ನೇ. ತಯಾರಿಕೆಯ ವಿಧಾನವೂ ಕಥೆಯ ವಿಷಯವೂ ಇಷ್ಟು ಚೆನ್ನಾಗಿ ಒಂದಕ್ಕೊಂದು ಕೂಡಿಕೊಂಡ ಜಾಗ ಸ್ಕೈರಿಮ್‌ನಲ್ಲಿ ಮತ್ತೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಯಂತ್ರಗಳಿಗೂ ಇದು ಅನ್ವಯಿಸುತ್ತದೆ. ಗೋಡೆಯಲ್ಲಿ ದುಂಡನೆಯ ತೂತುಗಳಿರುತ್ತವೆ. ನೀವು ಹತ್ತಿರ ಹೋದಾಗ ಒಳಗಿನಿಂದ ಲೋಹದ ಚೆಂಡೊಂದು ಉರುಳಿ ಬೀಳುತ್ತದೆ, ಬಿಚ್ಚಿಕೊಂಡು ಎದ್ದು ನಿಲ್ಲುತ್ತದೆ, ಒಂದು ಕೈ ಕತ್ತಿ, ಇನ್ನೊಂದು ಕೈ ಬಿಲ್ಲು. ಜೇಡ ಯಂತ್ರಗಳು ಕಾಲ ಕೆಳಗೆ ಸುಳಿದಾಡುತ್ತವೆ. ಹಬೆ ಉಗುಳುವ ಸೆಂಚುರಿಯನ್ ಎಂಬ ದೈತ್ಯ ಯಂತ್ರಗಳು ಗೋಡೆಯ ಚೌಕಟ್ಟಿನಲ್ಲಿ ನಿದ್ರಿಸುತ್ತಿರುತ್ತವೆ. ಯಾರಿಗೂ ದ್ವೇಷವಿಲ್ಲ. ಕೊಟ್ಟ ಆಜ್ಞೆಯನ್ನು ಹಿಂತೆಗೆಯುವವರು ಉಳಿದಿಲ್ಲ ಅಷ್ಟೇ.

ಇನ್ನು ಕಾಟ್ರಿಯಾ. ಆರ್ಕಂಗ್‌ಥಾಮ್ಜ್‌ಗೆ ಕಾಲಿಟ್ಟ ಕೂಡಲೇ, ಹಿಂದಿರುಗಿ ಹೋಗು ಎಂದು ಎಚ್ಚರಿಸುವ ಹೆಣ್ಣು ದೆವ್ವ. ಬದುಕಿದ್ದಾಗ ಸಂಶೋಧಕಿ, ಕುಲುಮೆ ನಿಜವಾಗಿ ಇತ್ತೆಂದು ವರ್ಷಗಟ್ಟಲೆ ಹುಡುಕಿ ಪುರಾವೆ ಕೂಡಿಸಿದವಳು, ಇಲ್ಲೇ ಬಿದ್ದು ಸತ್ತವಳು. ‘ಈಥೀರಿಯಮ್ ಯುದ್ಧಗಳು’ ಪುಸ್ತಕದ ಮೇಲೆ ಟಾರನ್ ಡ್ರೆತ್ ಎಂಬ ಹೆಸರಿದೆಯಲ್ಲ, ಅವನು ಅವಳ ಶಿಷ್ಯ. ಅವಳ ಕೆಲಸವನ್ನು ಕದ್ದು ತನ್ನ ಹೆಸರಿನಲ್ಲಿ ಪ್ರಕಟಿಸಿದ. ಅವಳಿಗೆ ಬಂಗಾರ ಬೇಡ, ಆಯುಧವೂ ಬೇಡ; ಕಂಡುಹಿಡಿದದ್ದು ತಾನು ಎಂದು ತಿಳಿದರೆ ಸಾಕು. ಸಂಶೋಧನಾ ವಿದ್ಯಾರ್ಥಿಗಳು ನಗುತ್ತಿರುವುದು ನನಗೆ ಕೇಳಿಸಿತು. ಇಲ್ಲಿ ಕಳ್ಳತನದ ದಿಕ್ಕು ತಿರುಗುಮುರುಗಾಗಿದೆ, ಗುರುವಿನದನ್ನು ಶಿಷ್ಯ ಕದ್ದಿದ್ದಾನೆ. ನಿಮ್ಮ ಅನುಭವ ಬೇರೆಯಿರಬಹುದು.

ಅಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಿ. ಪ್ರಪಾತದ ಮೇಲೆ ಚಾಚಿಕೊಂಡ ಒಂದು ಮರದ ದಿಮ್ಮಿ ಇದೆ, ಕೆಳಗೆ ನೀರು ಧುಮುಕುತ್ತಿದೆ. ದಿಮ್ಮಿಯ ತುದಿಯಲ್ಲಿ ಅವಳ ಬಿಲ್ಲು ಬಿದ್ದಿದೆ. ಅದರ ಹೆಸರು ಜೆಫಿರ್, ಸಾಮಾನ್ಯ ಬಿಲ್ಲಿಗಿಂತ ವೇಗವಾಗಿ ಬಾಣ ಬಿಡುತ್ತದೆ. ಅವಳು ಹೇಗೆ ಬಿದ್ದಳೆಂದು ಬಿಲ್ಲು ಬಿದ್ದಿರುವ ಜಾಗವೇ ತಿಳಿಸುತ್ತದೆ. ಬಿಲ್ಲು ಬೇಕೆಂದರೆ ನೀವೂ ಅದೇ ದಿಮ್ಮಿಯ ಮೇಲೆ, ಕಂಟ್ರೋಲರ್‌ನ ಕಡ್ಡಿಯನ್ನು ಕೂದಲೆಳೆಯಷ್ಟು ಒತ್ತುತ್ತಾ, ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಹತ್ತು ಪುಟ ಸಂಭಾಷಣೆ ಮಾಡಲಾಗದ ಕೆಲಸವನ್ನು ಒಂದು ದಿಮ್ಮಿ ಮಾಡಿದೆ.

ಕಾಟ್ರಿಯಾ ನಿಮ್ಮ ಜೊತೆ ಕುಲುಮೆಯವರೆಗೆ ಬರುತ್ತಾಳೆ. ಜೇಡ, ಚೆಂಡು ಯಂತ್ರಗಳ ಅಲೆಗಳು ಮುಗಿದ ಮೇಲೆ ‘ಫೋರ್ಜ್‌ಮಾಸ್ಟರ್’ ಎದುರಾಗುತ್ತದೆ. ಉಳಿದ ಸೆಂಚುರಿಯನ್‌ಗಳು ಹಬೆ ಉಗುಳಿದರೆ ಇದು ಬೆಂಕಿ ಉಗುಳುತ್ತದೆ. ಯುದ್ಧದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ದೊಡ್ಡದು ಬರುತ್ತದೆ, ಹೊಡೆಯುತ್ತೀರಿ, ಬೀಳುತ್ತದೆ.

ಆಮೇಲೆ ನೀವು ಕುಲುಮೆಯ ಮುಂದೆ. ಕೈಯಲ್ಲಿ ಒಂದೇ ಲಾಂಛನವಿದೆ, ಆದ್ದರಿಂದ ಒಂದೇ ವಸ್ತು ಮಾಡಬಹುದು. ಆಯ್ಕೆ ಮೂರು. ಕಿರೀಟ ಧರಿಸಿದರೆ ಆಟದಲ್ಲಿ ಒಮ್ಮೆಗೆ ಒಂದೇ ಸಿಗುವ ನಿಲುಗಲ್ಲಿನ ವರ ಎರಡಾಗುತ್ತದೆ. ಗುರಾಣಿಯಿಂದ ಗುದ್ದಿಸಿಕೊಂಡವರು 15 ಸೆಕೆಂಡು ನೆರಳಿನಂತಾಗಿ ಹೊಡೆಯಲೂ ಆಗದೆ, ಹೊಡೆಸಿಕೊಳ್ಳಲೂ ಆಗದೆ ನಿಲ್ಲುತ್ತಾರೆ. ದಂಡ ಬೀಸಿದರೆ ಒಂದು ಯಂತ್ರ 60 ಸೆಕೆಂಡು ನಿಮ್ಮ ಪರವಾಗಿ ಹೋರಾಡುತ್ತದೆ. ಜೇಡವೋ ಚೆಂಡೋ ಬರುವುದು ಅದೃಷ್ಟಕ್ಕೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ ಕಿರೀಟ ಉಪಯೋಗಕ್ಕೆ ಬರುತ್ತದೆ, ಗುರಾಣಿ ತಮಾಷೆಯಾಗಿದೆ, ದಂಡ ಆಟಿಕೆ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕತ್ತಿಯಿಲ್ಲ, ಕೊಡಲಿಯಿಲ್ಲ, ಗೋಡೆ ಒಡೆಯುವ ಯಾವ ಸಾಧನವೂ ಇಲ್ಲ. ಇದಕ್ಕಾಗಿಯೇ ನಾಲ್ಕು ನಗರಗಳು ಒಬ್ಬರ ಕತ್ತನ್ನೊಬ್ಬರು ಕೊಯ್ದುಕೊಂಡವೇ? ಪುಸ್ತಕ ಎತ್ತರಕ್ಕೆ ಏರಿಸಿದ ನಿರೀಕ್ಷೆಯನ್ನು ಬಹುಮಾನ ತುಂಬುವುದಿಲ್ಲ. ಆಟದ ಸಮತೋಲನ ಕೆಡಬಾರದೆಂಬ ಕಾಳಜಿ ಅರ್ಥವಾಗುತ್ತದೆ, ಆದರೂ ಕಥೆಯ ಮಟ್ಟಿಗೆ ಇದು ಸೋಲೇ.

ಈಗ ಆ ನಾಲ್ಕನೆಯ ಪ್ರಶ್ನೆ: ದುಡಿದವರು ಯಾರು?

ಕುಲುಮೆಯೊಳಗೆ ನಮಗೆ ಎದುರಾಗುವುದು ಯಂತ್ರಗಳು. ಹಾಗಾಗಿ ಯಂತ್ರಗಳೇ ಎಲ್ಲವನ್ನೂ ಮಾಡಿದವು ಎಂದುಕೊಂಡು ಹೊರಬರುವುದು ಸುಲಭ. ಆದರೆ ಉತ್ತರ ಇದೇ ಆಟದಲ್ಲಿದೆ, ಬೇರೊಂದು ಮೂಲೆಯಲ್ಲಿ. ಡ್ವೆಮರ್ ಪಾಳುಗಳಲ್ಲಿ ಫಾಲ್ಮರ್ ಎಂಬ ಜೀವಿಗಳಿರುತ್ತವೆ. ಕಣ್ಣು ಕಾಣದ, ಬೆನ್ನು ಬಾಗಿದ, ಸದ್ದು ಕೇಳಿ ಮೇಲೆರಗುವ, ಬಿಳಿಚಿಕೊಂಡ ಜೀವಿಗಳು. ಆಟಗಾರರು ಅವರನ್ನು ರಾಕ್ಷಸರೆಂದು ಕೊಂದು ಮುಂದೆ ಹೋಗುತ್ತಾರೆ. ಅವರು ಒಂದು ಕಾಲದಲ್ಲಿ ಹಿಮಸೀಮೆಯ ಎಲ್ಫ್‌ಗಳಾಗಿದ್ದವರು. ನಾರ್ಡ್‌ಗಳ ಕೈಯಲ್ಲಿ ಸೋತು ನೆಲದಡಿಗೆ ಓಡಿಬಂದು ಡ್ವೆಮರ್‌ಗಳ ಆಶ್ರಯ ಬೇಡಿದವರು. ಡ್ವೆಮರ್‌ಗಳು ಆಶ್ರಯ ಕೊಟ್ಟರು, ಆದರೆ ಷರತ್ತು ಹಾಕಿದರು: ವಿಷದ ಅಣಬೆ ತಿಂದು ಕುರುಡರಾಗಬೇಕು. ಆಮೇಲೆ ಗುಲಾಮಗಿರಿ. ತಲೆಮಾರುಗಳು ಕಳೆದ ಮೇಲೆ ಅವರು ದಂಗೆಯೆದ್ದು ನೆಲದಾಳದಲ್ಲಿ ದಶಕಗಳ ಕಾಲ ಹೋರಾಡಿದರು. ಒಂದು ದಿನ ಎದುರಾಳಿಯೇ ಮಾಯವಾಗಿ ಯುದ್ಧ ನಿಂತಿತು.

ಇದನ್ನು ನಮಗೆ ಬಿಡಿಸಿ ಹೇಳುವವನು ಗೆಲೆಬೋರ್, ಕಣ್ಣು ಕಳೆದುಕೊಳ್ಳದೆ ಉಳಿದ ಹಿಮ ಎಲ್ಫ್. ಅವನು ಸಿಗುವುದು ಎಲ್ಲಿ ಗೊತ್ತೇ? ಇದೇ ಡಾನ್‌ಗಾರ್ಡ್ ವಿಸ್ತರಣೆಯಲ್ಲಿ. ಒಂದೇ ಪೆಟ್ಟಿಗೆಯೊಳಗೆ ಡ್ವೆಮರ್‌ಗಳ ಅತಿ ದೊಡ್ಡ ಕುಲುಮೆಯೂ ಇದೆ, ಅವರು ಒಂದು ಜನಾಂಗವನ್ನು ಕುರುಡು ಮಾಡಿದ ಕಥೆಯೂ ಇದೆ. ಎರಡೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಕಾಟ್ರಿಯಾ ಕುಲುಮೆಯ ಶಿಲ್ಪವನ್ನು ಕಂಡು ಬೆರಗಾಗುತ್ತಾಳೆ, ಇಲ್ಲಿ ಯಾರ ಕೈ ಸುಟ್ಟವು ಎಂದು ಕೇಳುವುದಿಲ್ಲ. ಗೆಲೆಬೋರ್ ತನ್ನವರಿಗಾಗಿ ಮರುಗುತ್ತಾನೆ, ಅವರು ಏನು ಕೆಲಸ ಮಾಡಿದರೆಂದು ವಿವರಿಸುವುದಿಲ್ಲ. ಇಬ್ಬರನ್ನೂ ಮಾತನಾಡಿಸಬಲ್ಲ ಒಬ್ಬನೇ ವ್ಯಕ್ತಿ ಆಟಗಾರ. ಅವನ ಸಂಭಾಷಣೆಯ ಪಟ್ಟಿಯಲ್ಲಿ ಆ ಪ್ರಶ್ನೆಯಿಲ್ಲ.

ಒಂದು ಸೂಕ್ಷ್ಮ ಸುಳಿವನ್ನು ಮಾತ್ರ ಕಲಾವಿದರು ನಮಗಾಗಿ ಇಟ್ಟುಹೋಗಿದ್ದಾರೆ. ಫಾಲ್ಮರ್‌ಗಳು ಹಿತ್ತಾಳೆ ಬಣ್ಣದ ಆ ಭವ್ಯ ಸಭಾಂಗಣಗಳ ನಡುವೆಯೇ ಗುಡಿಸಲು ಹಾಕಿಕೊಂಡಿರುತ್ತಾರೆ. ಆ ಗುಡಿಸಲು ಚಾರಸ್ ಎಂಬ ದೈತ್ಯ ಹುಳುವಿನ ಚಿಪ್ಪಿನದು. ಅವರ ಕತ್ತಿ, ಗುರಾಣಿಗಳನ್ನೂ ನೋಡಿ, ಅದೇ ಮೊನಚು ಮೊನಚಾದ ಚಿಪ್ಪಿನ ಚಹರೆ. ಸುತ್ತ ಎಲ್ಲಿ ನೋಡಿದರೂ ಲೋಹ, ಯಜಮಾನರು ಬಿಟ್ಟುಹೋದ ಉತ್ತಮ ಲೋಹ. ಅದು ಅವರಿಗೆ ಬೇಡ. ನಾವಾದರೋ ಅದೇ ಲೋಹದ ತಗಡನ್ನು ಚೀಲಕ್ಕೆ ತುಂಬಿಕೊಂಡು ಹೋಗಿ, ಊರಿನ ಮೂಸೆಯಲ್ಲಿ ಕರಗಿಸಿ, ಗಟ್ಟಿ ಮಾಡಿ, ಕಮ್ಮಾರಿಕೆಯ ಅಂಕ ಏರಿಸಿಕೊಳ್ಳುತ್ತೇವೆ. ಬಾಗಿದ ತಗಡಿನ ತೂಕ ಎರಡು, ಕರಗಿಸಿದರೆ ಮೂರು ಗಟ್ಟಿ. ದೊಡ್ಡ ಅಲಂಕಾರದ ಕಂಬಿಯ ತೂಕ ಹದಿನೈದು, ಸಿಗುವುದು ಎರಡೇ ಗಟ್ಟಿ. ಹಲ್ಲಿನ ಚಕ್ರಗಳನ್ನು ಹೊತ್ತು ತಂದವರಿಗೆ ನನ್ನ ಸಂತಾಪ, ಅವು ಕರಗುವುದೇ ಇಲ್ಲ. ಇಷ್ಟು ಲೆಕ್ಕ ನಮಗೆ ಬಾಯಿಪಾಠವಾಗಿದೆ.

ನಿಜ ಲೋಕದ ಒಂದು ಭೂಗತ ಆಯುಧ ಕಾರ್ಖಾನೆಯನ್ನು ಇಲ್ಲಿ ನೆನೆಯಲೇಬೇಕು. 1943ರ ಆಗಸ್ಟ್‌ನಲ್ಲಿ ಜರ್ಮನಿಯ ಕ್ಷಿಪಣಿ ಕೇಂದ್ರ ಪೀನೆಮ್ಯೂಂಡೆಯ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದ ಮೇಲೆ ನಾಜಿ ಜರ್ಮನಿ ತನ್ನ ವಿ-2 ಕ್ಷಿಪಣಿಯ ತಯಾರಿಕೆಯನ್ನು ನಾರ್ಡ್‌ಹೌಸೆನ್ ಬಳಿಯ ಬೆಟ್ಟವೊಂದರ ಸುರಂಗಗಳಿಗೆ ಸಾಗಿಸಿತು. ಹೆಸರು ಮಿಟ್ಟೆಲ್‌ವೆರ್ಕ್. ಎರಡು ಉದ್ದ ಸುರಂಗ, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಸುರಂಗಗಳು. ದುಡಿದವರು ಡೋರಾ ಶಿಬಿರದ ಕೈದಿಗಳು. ಸುಮಾರು 60,000 ಮಂದಿ ಆ ಶಿಬಿರಗಳ ಮೂಲಕ ಹಾದುಹೋದರು, ಸುಮಾರು 20,000 ಮಂದಿ ಸತ್ತರು. ಮೊದಲ ತಿಂಗಳುಗಳಲ್ಲಿ ಅವರು ಮಲಗುತ್ತಿದ್ದದ್ದೂ ಸುರಂಗದೊಳಗೇ. ಕ್ಷಿಪಣಿ ಬಿದ್ದು ಸತ್ತವರಿಗಿಂತ ಅದನ್ನು ಮಾಡುವಾಗ ಸತ್ತವರು ಹೆಚ್ಚು ಎಂದು ಇತಿಹಾಸಕಾರರು ಹೇಳುತ್ತಾರೆ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರು ಅಲ್ಲಿಗೆ ತಲುಪಿದರು. ಸೇನೆ ಮುಂದೆ ಏನು ಮಾಡಿತು? ಸುಮಾರು ನೂರು ಕ್ಷಿಪಣಿಗಳಿಗೆ ಆಗುವಷ್ಟು ಬಿಡಿಭಾಗಗಳನ್ನು ಕಟ್ಟಿಸಿಕೊಂಡು ಮನೆಗೆ ಒಯ್ದಿತು. ಸೋವಿಯತ್ತರು ಬಂದು ಉಳಿದದ್ದನ್ನು ತೆಗೆದುಕೊಂಡರು, 1948ರಲ್ಲಿ ಬಾಗಿಲುಗಳನ್ನು ಸ್ಫೋಟಿಸಿ ಮುಚ್ಚಿದರು. ಇಂದು ಆ ಸುರಂಗಗಳ ಕೆಳಭಾಗ ನೀರಿನಲ್ಲಿದೆ. ಪಾಳುಬಿದ್ದ ಆಯುಧ ಕಾರ್ಖಾನೆಗೆ ಹೊಕ್ಕವನು ಮೊದಲು ಏನನ್ನು ಹುಡುಕುತ್ತಾನೆ ಎಂಬುದರಲ್ಲಿ ಸ್ಕೈರಿಮ್ ಸುಳ್ಳು ಹೇಳಿಲ್ಲ.

ಹಾಗೆಂದು ಆಟಗಳಿಗೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ಇದೇ ಸರಣಿಯ ಮೂರನೆಯ ಆಟ ಮಾರೋವಿಂಡ್ 2002ರಲ್ಲಿ ಬಂತು. ಅದರ ಕೊನೆಯೂ ನೆಲದಾಳದ ಒಂದು ಡ್ವೆಮರ್ ಕಾರ್ಯಾಗಾರದಲ್ಲೇ. ಕೆಂಪು ಬೆಟ್ಟದ ಹೊಟ್ಟೆಯಲ್ಲಿ ಡಾಗೋತ್ ಉರ್ ಎಂಬ ಖಳ ಡ್ವೆಮರ್‌ಗಳು ಅರ್ಧಕ್ಕೆ ಬಿಟ್ಟ ಕಲ್ಪನೆಯನ್ನು ಮುಂದುವರಿಸಿ ಒಂದು ಲೋಹದ ದೇವರನ್ನು ಕಟ್ಟುತ್ತಿರುತ್ತಾನೆ. ನಿಮ್ಮ ಕೈಯಲ್ಲಿ ಕಾಗ್ರೆನಾಕನದೇ ಉಪಕರಣಗಳಿವೆ: ಸಂಡರ್ ಎಂಬ ಸುತ್ತಿಗೆ, ಕೀನಿಂಗ್ ಎಂಬ ಚೂರಿ, ರೈತ್‌ಗಾರ್ಡ್ ಎಂಬ ಕೈಗವಸು. ಕೈಗವಸು ಇಲ್ಲದೆ ಮುಟ್ಟಿದರೆ ಆ ಉಪಕರಣಗಳೇ ನಿಮ್ಮನ್ನು ಕೊಲ್ಲುತ್ತವೆ. ಮೊದಲು ಸುತ್ತಿಗೆಯಿಂದ ಆ ಸತ್ತ ದೇವರ ಹೃದಯಕ್ಕೆ ಹೊಡೆಯಬೇಕು, ಆಮೇಲೆ ಚೂರಿಯಿಂದ. ಆಗ ಕಟ್ಟು ಬಿಚ್ಚಿಕೊಂಡು ಆ ದೈತ್ಯ ಬೀಳುತ್ತದೆ. ಅಂದರೆ ಕಾರ್ಯಾಗಾರದ ಉಪಕರಣಗಳನ್ನೇ ಬಳಸಿ ಕಾರ್ಯಾಗಾರವನ್ನು ನಿಲ್ಲಿಸಲು ನೀವು ಬಂದಿದ್ದೀರಿ. ಹತ್ತು ವರ್ಷ ಕಳೆದ ಮೇಲೆ, ಅದೇ ಸಂಸ್ಥೆಯ ಆಟದಲ್ಲಿ, ಅದೇ ಜನಾಂಗದ ಇನ್ನೊಂದು ಕಾರ್ಯಾಗಾರಕ್ಕೆ ನೀವು ಬರುವುದು ಒಂದು ಸರಕು ಮಾಡಿಸಿಕೊಂಡು ಹೋಗಲು.

ನಿಂಟೆಂಡೊದ ಬ್ರೆತ್ ಆಫ್ ದಿ ವೈಲ್ಡ್ 2017ರದು. ಅಲ್ಲಿ ಹತ್ತು ಸಾವಿರ ವರ್ಷ ಹಿಂದಿನ ಕಾವಲು ಯಂತ್ರಗಳನ್ನು ಅಗೆದು ತೆಗೆದ ರಾಜ್ಯ ಆ ಯಂತ್ರಗಳಿಂದಲೇ ನಾಶವಾಗುತ್ತದೆ, ಶತ್ರು ಅವನ್ನು ವಶಪಡಿಸಿಕೊಳ್ಳುತ್ತಾನೆ. ಆಟ ಶುರುವಾಗುವಾಗ ಎಲ್ಲವೂ ಮುಗಿದಿದೆ. ತುಕ್ಕು ಹಿಡಿದ ಯಂತ್ರಗಳ ಮೇಲೆ ಹುಲ್ಲು ಬೆಳೆದಿದೆ. ಅಗೆದದ್ದಕ್ಕೆ ತೆತ್ತ ಬೆಲೆ ಆ ಹುಲ್ಲುಗಾವಲಿನಲ್ಲಿ ನಡೆದಾಡುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಸ್ಕೈರಿಮ್‌ನ ಕುಲುಮೆಗೆ ಅಂಥ ಬೆಲೆಯಿಲ್ಲ. ನೀವು ಕಿರೀಟ ಧರಿಸಿ ಮೇಲೆ ಬಂದರೆ ಯಾವ ರಾಜನೂ ಕೇಳುವುದಿಲ್ಲ, ಯಾವ ಊರೂ ಹೆದರುವುದಿಲ್ಲ. ಒಂದು ಕಾಲದಲ್ಲಿ ನಾಲ್ಕು ನಗರಗಳನ್ನು ಮುಳುಗಿಸಿದ ವಸ್ತು ಈಗ ನಿಮ್ಮ ಚೀಲದಲ್ಲಿ ಗಿಣ್ಣು ಮತ್ತು ಸೋರೆಕಾಯಿಗಳ ನಡುವೆ ಕೂತಿರುತ್ತದೆ.

ಮಾತಿನ ನಡುವೆ ಒಬ್ಬರು ಕೇಳಿದರು: ಏನನ್ನೂ ಮಾಡದೆ ಹಿಂದಿರುಗಿದರೆ? ಹಿಂದಿರುಗಬಹುದು. ಲಿಫ್ಟ್ ಇದೆ, ದಾರಿ ತೆರೆದೇ ಇದೆ. ಆದರೆ ಆಟದ ಕಡತದಲ್ಲಿ ಆ ಕೆಲಸ ಬಾಕಿ ಎಂದೇ ಉಳಿಯುತ್ತದೆ, ಕಾಟ್ರಿಯಾಳಿಗೂ ಬಿಡುಗಡೆಯಿಲ್ಲ. ಬೇಡವೆಂದು ಹೇಳಲು ಆಟ ಒಂದು ಸಾಲನ್ನೂ ಬರೆದಿಟ್ಟಿಲ್ಲ. ಅಭಿಮಾನಿಗಳು ಈ ಕುಲುಮೆಗೆ ಮಾಡ್‌ಗಳನ್ನು, ಅಂದರೆ ಆಟವನ್ನು ಬದಲಿಸುವ ತುಣುಕುಗಳನ್ನು, ಬರೆದಿದ್ದಾರೆ. ನಾನು ಕಂಡವು ಒಂದರ ಬದಲು ಮೂರನ್ನೂ ಮಾಡಿಕೊಳ್ಳಲು ಅವಕಾಶ ಕೊಡುವಂಥವು.